ಫೈನ್ ಆರ್ಟ್ ನ್ಯೂಡ್ ಫೋಟೋಗ್ರಫಿ ಅಂದ್ರೆ ಎಂತ, ಅದು ಯಾಕೆ ಅಷ್ಟು ಕಷ್ಟ

ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಲು. ಡಿಗ್ರಿ ಮುಗಿಸಿ ಇಲ್ಲೇ ಮಂಗಳೂರಲ್ಲಿ ಕೆಲಸಕ್ಕೆ ಸೇರಿದವಳು. ಇನ್‌ಸ್ಟಾದಲ್ಲಿ ಯಾರೋ ಗುರುತಿಲ್ಲದವರು ಮೆಸೇಜ್ ಹಾಕಿದ್ದಾರೆ, ನಿಮ್ಮ ಮುಖದಲ್ಲಿ ಏನೋ ವಿಶೇಷ ಉಂಟು, ನಾವು ಫೈನ್ ಆರ್ಟ್ ನ್ಯೂಡ್ ಸೀರೀಸ್ ಮಾಡ್ತಾ ಇದ್ದೇವೆ, ಪೋರ್ಟ್‌ಫೋಲಿಯೋ ಫ್ರೀಯಾಗಿ ಕೊಡ್ತೇವೆ, ಪಡುಬಿದ್ರಿ ಕಡೆ ಒಂದು ಮನೆಯಲ್ಲಿ ಶೂಟ್ ಅಂತ. ಅದರ ಕೆಳಗೆ ಇವಳ ಪ್ರಶ್ನೆ: "ಅಕ್ಕಾ, ಹೀಗೊಂದು ನಿಜವಾಗಿ ಉಂಟಾ, ಅಲ್ಲ ಬರೀ ಮೋಸವಾ?"

ಎರಡೂ ಉಂಟು. ಅದಕ್ಕೇ ಒಂದು ಸಾಲಲ್ಲಿ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ. ನಾನು ಈಗ ಮಾಡುದು ಮದುವೆ, ಸೀಮಂತ, ಗೃಹಪ್ರವೇಶದ ಫೋಟೋ, ಆದ್ರೆ ಅದಕ್ಕಿಂತ ಮೊದಲು ಬೆಂಗಳೂರಲ್ಲಿದ್ದ ಎರಡು ವರ್ಷ ಒಬ್ಬರು ಹಿರಿಯ ಫೋಟೋಗ್ರಾಫರ್ ಹತ್ರ ಅಸಿಸ್ಟೆಂಟ್ ಆಗಿ ಲೈಟ್ ಹಿಡಿದಿದ್ದೆ, ಅವರು ವರ್ಷಕ್ಕೆ ನಾಲ್ಕೈದು ಸಲ ಈ ತರದ ಶೂಟ್ ಮಾಡ್ತಿದ್ರು, ಹಾಗಾಗಿ ಒಳಗೆ ಎಂತ ನಡೀತದೆ ಅಂತ ಕಣ್ಣಾರೆ ನೋಡಿದ್ದೇನೆ. ಅವಳಿಗೆ ವಾಯ್ಸ್ ನೋಟಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನಕ್ಕೆ ಬರೀತೇನೆ, ಯಾಕಂದ್ರೆ ಇಂಥ ಮೆಸೇಜ್ ಬರುದು ಅವಳೊಬ್ಬಳಿಗೇ ಅಲ್ಲ, ಮತ್ತೆ ಮನೆಯವರ ಹತ್ರ ಕೇಳ್ಲಿಕ್ಕೆ ಆಗುವ ವಿಷಯವೂ ಇದಲ್ಲ.

ಮೊದಲು ಶಬ್ದಗಳು

ಫೈನ್ ಆರ್ಟ್ ಫೋಟೋ ಅಂದ್ರೆ ಗಿರಾಕಿ ಹೇಳಿದ್ರು ಅಂತಲೋ ಸುದ್ದಿಗೆ ಬೇಕು ಅಂತಲೋ ತೆಗೆದದ್ದಲ್ಲ, ಒಬ್ಬ ಚಿತ್ರಕಾರ ಕ್ಯಾನ್ವಾಸ್ ಮುಂದೆ ಕೂತ ಹಾಗೆ ಒಂದು ಯೋಚನೆಯನ್ನು ಚಿತ್ರ ಮಾಡ್ಲಿಕ್ಕೆ ತೆಗೆದದ್ದು. ಅದರಲ್ಲಿ ಬಟ್ಟೆ ಇಲ್ಲದ ಮನುಷ್ಯನ ಮೈ ವಿಷಯವಾದ್ರೆ ಅದು ಫೈನ್ ಆರ್ಟ್ ನ್ಯೂಡ್. ಹೆಂಗಸು ಮಾತ್ರ ಅಲ್ಲ, ಗಂಡಸರ ಮೈ, ವಯಸ್ಸಾದವರ ಸುಕ್ಕು, ಬಸುರಿಯ ಹೊಟ್ಟೆ, ಆಪರೇಷನ್ ಆದ ಗಾಯದ ಗುರುತು ಎಲ್ಲ ಇದರಲ್ಲಿ ಬರ್ತದೆ. ಎಷ್ಟೋ ಫೋಟೋದಲ್ಲಿ ಮುಖವೇ ಇರುದಿಲ್ಲ, ಬೆನ್ನಿನ ಒಂದು ಗೆರೆ, ಭುಜದ ಒಂದು ತಿರುವು, ಅಷ್ಟೇ.

ಇದಕ್ಕೆ ಹತ್ತಿರ ಇರುವ ಬೇರೆ ಕೆಲಸಗಳೂ ಉಂಟು. ಗ್ಲಾಮರ್ ಫೋಟೋ ಅಂದ್ರೆ ಆ ವ್ಯಕ್ತಿ ಆಕರ್ಷಕವಾಗಿ ಕಾಣ್ಬೇಕು ಅನ್ನುವ ಉದ್ದೇಶದ್ದು. ಬೂಡ್ವಾ ಅಂತ ಹೇಳುದು ಒಬ್ಬರು ದುಡ್ಡು ಕೊಟ್ಟು ತಮಗಾಗಿ, ತಮ್ಮ ಸಂಗಾತಿಗಾಗಿ ತೆಗೆಸಿಕೊಳ್ಳುವ ಖಾಸಗಿ ಫೋಟೋ. ಪೋರ್ನ್ ಅಂದ್ರೆ ನೋಡುವವರಲ್ಲಿ ಕಾಮ ಕೆರಳಿಸುದೇ ಕೆಲಸ. ಇವುಗಳ ನಡುವಿನ ಗೆರೆ ಯಾವಾಗ್ಲೂ ಸ್ಪಷ್ಟ ಇರುದಿಲ್ಲ, ಮೋಸ ಮಾಡುವವರು ಬದುಕುದೂ ಆ ಅಸ್ಪಷ್ಟ ಜಾಗದಲ್ಲೇ.

ಇಂಗ್ಲಿಷಲ್ಲಿ ನೇಕೆಡ್, ನ್ಯೂಡ್ ಅಂತ ಎರಡು ಶಬ್ದ ಉಂಟು. ಬ್ರಿಟನ್ನಿನ ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ 1956ರಲ್ಲಿ ಈ ಎರಡನ್ನು ಬೇರೆ ಮಾಡಿ ಬರೆದ್ರು, ಮೊದಲನೆಯದು ಬಟ್ಟೆ ಹೋಗಿ ಮುಜುಗರಪಡುವ ಮೈ, ಎರಡನೆಯದು ಕಲೆ ಹೊಸತಾಗಿ ಕಟ್ಟಿದ ಮೈ ಅಂತ. ಕನ್ನಡದಲ್ಲಿ ಹಾಗೆ ಜೋಡಿ ಶಬ್ದ ಇಲ್ಲ, ಆದ್ರೆ ನಮ್ಮಲ್ಲಿ ಬತ್ತಲೆ, ನಗ್ನ, ಬರಿಮೈ, ದಿಗಂಬರ ಎಲ್ಲ ಬೇರೆ ಬೇರೆ ಕಡೆ ಬಳಕೆ ಆಗ್ತದೆ. ಉಡುಪಿ ಮಠದ ಒಳಗೆ ಅಂಗಿ ತೆಗೆದು ಹೋಗುವ ಗಂಡಸರನ್ನು ಯಾರೂ ಬತ್ತಲೆ ಅಂತ ಹೇಳುದಿಲ್ಲ. ದಿಗಂಬರ ಅಂದ್ರಂತೂ ದಿಕ್ಕನ್ನೇ ಉಟ್ಟವನು, ಆ ಶಬ್ದದಲ್ಲಿ ಬಟ್ಟೆ ಕಡಿಮೆ ಆಯ್ತು ಅನ್ನುವ ಭಾವವೇ ಇಲ್ಲ.

ಬಟ್ಟೆ ಇಲ್ಲದ ಮೈ ನಮ್ಮೂರಿಗೆ ಹೊಸತಾ?

ಅಲ್ಲ. ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ಸುಮಾರು 42 ಅಡಿಯ ಗೊಮ್ಮಟನನ್ನು ನಾವೆಲ್ಲ ಶಾಲೆಯ ಟೂರಲ್ಲೇ ನೋಡಿದವರು. ವೇಣೂರಲ್ಲಿ 1604ರದ್ದು ಒಂದುಂಟು. ಧರ್ಮಸ್ಥಳದ್ದನ್ನು ಕೆತ್ತಿದ್ದು ಕಾರ್ಕಳದವರೇ ಆದ ರೆಂಜಾಳ ಗೋಪಾಲ ಶೆಣೈಯವರು. ಅಜ್ಜಿಯಂದಿರು ಮೊಮ್ಮಕ್ಕಳ ಕೈ ಹಿಡಿದು ಮೆಟ್ಟಿಲು ಹತ್ತಿ ಹೋಗಿ ಕೈ ಮುಗಿದು ಬರ್ತಾರೆ, ಯಾರಿಗೂ ಮುಜುಗರ ಇಲ್ಲ.

ಹಾಗಾದ್ರೆ ಫೋಟೋಕ್ಕೆ ಮಾತ್ರ ಯಾಕೆ ಇಷ್ಟು ರಗಳೆ? ಭಕ್ತಿಯದ್ದು ದೊಡ್ಡ ಕಾರಣ, ಅದನ್ನು ಬಿಟ್ಟರೂ ಇನ್ನೊಂದು ವ್ಯತ್ಯಾಸ ಉಂಟು, ನನ್ನ ಪ್ರಕಾರ ಈ ಇಡೀ ವಿಷಯದ ಬುಡ ಇದೇ. ಶಿಲ್ಪಿ ಕಲ್ಲಿನಲ್ಲಿ ಮಾಡಿದ ಮೈ ಯಾವ ಒಬ್ಬರ ಮೈಯೂ ಅಲ್ಲ. ಚಿತ್ರಕಾರ ಮಾಡೆಲ್ ಕೂರಿಸಿಕೊಂಡು ಬರೆದ್ರೂ ಮುಖ ಬದಲಾಯಿಸ್ಬಹುದು, ಮಚ್ಚೆ ಬಿಡಬಹುದು, ನಾಲ್ಕು ಜನರನ್ನು ನೋಡಿ ಒಂದು ಮೈ ಮಾಡ್ಬಹುದು. ಕ್ಯಾಮೆರಾಕ್ಕೆ ಅದು ಬರುದಿಲ್ಲ. ಅದರ ಮುಂದೆ ನಿಂತದ್ದು ಒಬ್ಬರು ನಿಜವಾದ ಮನುಷ್ಯರು, ಅವರಿಗೆ ಒಂದು ಹೆಸರುಂಟು, ಕದ್ರಿಯಲ್ಲೋ ಬ್ರಹ್ಮಾವರದಲ್ಲೋ ಒಂದು ಮನೆ ಉಂಟು, ಆಫೀಸುಂಟು, ಮುಂದೆ ಮದುವೆ ಮಕ್ಕಳು ಎಲ್ಲ ಇರಬಹುದು. ಮೊಣಕೈಯ ಒಂದು ಸುಟ್ಟ ಕಲೆ ನೋಡಿಯೇ ಗುರುತು ಹಿಡಿಯುವವರು ಇರುವ ಸಣ್ಣ ಊರು ನಮ್ಮದು, ಬಸ್ಸಲ್ಲಿ ಪಕ್ಕ ಕೂತವರೂ ನೀವು ಯಾರ ಮಗಳು ಅಂತ ಎರಡು ನಿಮಿಷದಲ್ಲಿ ಸಂಬಂಧ ಹಿಡೀತಾರೆ. ಬೆಳಕಿನ ಕಷ್ಟ, ಜಾಗದ ಕಷ್ಟ, ಕಾನೂನು, ಇನ್‌ಸ್ಟಾಗ್ರಾಮ್, ಫೈಲ್ ಇಡುವ ತಲೆಬಿಸಿ, ಎಲ್ಲ ಕೊನೆಗೆ ಈ ಒಂದು ವಿಷಯಕ್ಕೇ ಬಂದು ನಿಲ್ತದೆ.

ಒಪ್ಪಿಗೆ ಎಷ್ಟು ಸಲ ಕೇಳ್ಬೇಕು

ನಾನು ಕೆಲಸ ಮಾಡ್ತಿದ್ದ ಸ್ಟುಡಿಯೋದಲ್ಲಿ ಶೂಟ್‌ಗಿಂತ ಒಂದು ವಾರ ಮೊದಲು ಬರೀ ಮಾತುಕತೆ ಇರ್ತಿತ್ತು, ಕ್ಯಾಮೆರಾ ಬ್ಯಾಗಿನಿಂದ ಹೊರಗೇ ಬರ್ತಿರಲಿಲ್ಲ. ಹಳೆ ಪ್ರಿಂಟ್‌ಗಳನ್ನು ಟೇಬಲ್ ಮೇಲೆ ಹಾಕಿ ಈ ತರ ಬೆಳಕು, ಈ ತರ ಭಂಗಿ, ಮುಖ ಇಷ್ಟು ಕಾಣ್ತದೆ, ಇದು ಓಕೆಯಾ, ಇದು ಬೇಡವಾ ಅಂತ ಒಂದೊಂದೇ ಕೇಳಿ ಬರೆದಿಡ್ತಿದ್ರು. ಒಬ್ಬರು ಬೆನ್ನು ಮಾತ್ರ ಅಂತ ಹೇಳಿದ್ರೆ ಬೆನ್ನು ಮಾತ್ರ. ಶೂಟ್ ದಿನ ಚೆನ್ನಾಗಿ ಆಗ್ತಾ ಉಂಟಲ್ಲ, ಸ್ವಲ್ಪ ಈ ಕಡೆ ತಿರುಗಿ ನೋಡುವ ಅಂತ ಮೆಲ್ಲ ಎಳೆಯುದು ಇದೆಯಲ್ಲ, ಅದು ಅಲ್ಲಿ ನಡೀತಿರಲಿಲ್ಲ. ಬಟ್ಟೆ ಇಲ್ಲದೆ ನಿಂತವರಿಗೆ, ಎದುರು ಬಟ್ಟೆ ಹಾಕಿ ನಿಂತವರ ಹತ್ರ ಬೇಡ ಅಂತ ಹೇಳುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ, ಆಗ ಆ ನಿಯಮ ಯಾಕೆ ಅಂತ ಗೊತ್ತಾಗ್ತದೆ.

ಒಪ್ಪಿಗೆಯಲ್ಲಿ ಮೂರು ನಾಲ್ಕು ಪದರ ಉಂಟು, ಒಂದಕ್ಕೆ ಹೂಂ ಅಂದ್ರೆ ಉಳಿದದ್ದಕ್ಕೂ ಹೂಂ ಅಂತ ಆಗುದಿಲ್ಲ. ಫೋಟೋ ತೆಗೆಯುದಕ್ಕೆ ಒಂದು ಒಪ್ಪಿಗೆ. ತೆಗೆದದ್ದರಲ್ಲಿ ಯಾವುದು ಉಳೀಬೇಕು ಅನ್ನುದಕ್ಕೆ ಒಂದು. ಪ್ರದರ್ಶನಕ್ಕೆ, ಪುಸ್ತಕಕ್ಕೆ, ನೆಟ್‌ಗೆ ಬೇರೆ ಬೇರೆ. ಊಟಕ್ಕೆ ಬನ್ನಿ ಅಂತ ಕರೆದವರು ಮನೆಯ ಕೀ ಕೊಟ್ಟ ಹಾಗೆ ಆಗುದಿಲ್ಲ ಅಲ್ವಾ, ಅಷ್ಟೇ ಸರಳ. ನಮ್ಮ ಕಾನೂನಿನಲ್ಲೂ ಈ ಮಾತು ಉಂಟು. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುದು, ಸೆರೆ ಹಿಡಿಯುದಕ್ಕೆ ಸಂಬಂಧಪಟ್ಟದ್ದು, ಅದರ ವಿವರಣೆಯಲ್ಲೇ ಬರ್ದಿದ್ದಾರೆ, ಸೆರೆ ಹಿಡಿಯಲಿಕ್ಕೆ ಒಪ್ಪಿದ್ರೂ ಮೂರನೆಯವರಿಗೆ ಹಂಚಲಿಕ್ಕೆ ಒಪ್ಪದೇ ಇದ್ದಾಗ ಹಂಚಿದ್ರೆ ಅದೂ ಅಪರಾಧ ಅಂತ.

ಇದನ್ನೆಲ್ಲ ಕಾಗದದಲ್ಲಿ ಬರೆದದ್ದಕ್ಕೆ ಮಾಡೆಲ್ ರಿಲೀಸ್ ಅಂತ ಹೇಳ್ತಾರೆ. ಯಾರು ತೆಗೆದದ್ದು, ಯಾವ ದಿನ, ಎಲ್ಲಿ ಬಳಸ್ಬಹುದು, ಎಲ್ಲಿ ಬಳಸ್ಲಿಕ್ಕಿಲ್ಲ, ಹೆಸರು ಹಾಕ್ಬಹುದಾ, ದುಡ್ಡು ಎಷ್ಟು, ಮುಂದೆ ಮನಸ್ಸು ಬದಲಾದ್ರೆ ಎಂತ ಮಾಡುದು. ಆ ಕೊನೆಯ ಸಾಲು ಬಹಳ ರಿಲೀಸ್‌ಗಳಲ್ಲಿ ಇರುದೇ ಇಲ್ಲ, ಇರಲೇಬೇಕಾದದ್ದು ಅದೇ. ಇನ್ನೊಂದು ಗೊತ್ತಿರಲಿ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಫೋಟೋದ ಹಕ್ಕು ತೆಗೆದವರದ್ದು, ಫೋಟೋದಲ್ಲಿ ಇರುವವರದ್ದಲ್ಲ. ನೀವೇ ದುಡ್ಡು ಕೊಟ್ಟು ತೆಗೆಸಿಕೊಂಡ ಪೋರ್ಟ್ರೇಟ್ ಆದ್ರೆ ಲೆಕ್ಕ ಬೇರೆ, ಬೇರೆ ಒಪ್ಪಂದ ಇಲ್ಲದಿದ್ರೆ ಹಕ್ಕು ತೆಗೆಸಿದವರಿಗೆ. "ಫ್ರೀ ಪೋರ್ಟ್‌ಫೋಲಿಯೋ" ಅಂದಾಗ ಹಕ್ಕು ಯಾರ ಕೈಯಲ್ಲಿ ಉಳೀತದೆ ಅಂತ ಇದರಿಂದ ಅರ್ಥ ಆಗ್ಬಹುದು.

18 ವರ್ಷ ಆಗದವರ ವಿಷಯದಲ್ಲಿ ಈ ಚರ್ಚೆಯೇ ಇಲ್ಲ. ಅವರು ಒಪ್ಪಿದ್ರೂ, ಅಪ್ಪ ಅಮ್ಮ ಸಹಿ ಹಾಕಿದ್ರೂ ಆಗುದಿಲ್ಲ. 2012ರ ಪೋಕ್ಸೋ ಕಾಯ್ದೆ ಮತ್ತೆ ಐಟಿ ಕಾಯ್ದೆಯ 67ಬಿ ಇರುದು ಅದಕ್ಕೇ. ಸರಿಯಾಗಿ ಕೆಲಸ ಮಾಡುವವರು ಮೊದಲ ದಿನವೇ ವಯಸ್ಸಿನ ದಾಖಲೆ ಕೇಳ್ತಾರೆ.

ರೂಮಿನ ಒಳಗೆ

ಶೂಟ್ ನಡೆಯುವ ರೂಮಲ್ಲಿ ಬೇಕಾದಷ್ಟೇ ಜನ. ನಮ್ಮಲ್ಲಿ ಫೋಟೋಗ್ರಾಫರ್, ನಾನು, ಮಾಡೆಲ್, ಅವರ ಜೊತೆ ಬಂದವರು ಯಾರಾದ್ರೂ ಇದ್ರೆ ಅವರು. ಎಲ್ಲರ ಮೊಬೈಲ್ ಹೊರಗೆ ಒಂದು ಸ್ಟೀಲ್ ಡಬ್ಬದಲ್ಲಿ. ಮಾಡೆಲ್ ಬಟ್ಟೆ ಬದಲಾಯಿಸ್ಲಿಕ್ಕೆ ಚಿಲಕ ಹಾಕುವ ಬೇರೆ ಕೋಣೆ, ಎರಡು ಫೋಟೋದ ನಡುವೆ ಹೊದ್ದುಕೊಳ್ಳಲಿಕ್ಕೆ ಕೈಗೆ ಸಿಗುವ ಹಾಗೆ ದೊಡ್ಡ ಬೈರಾಸು. ಮೈ ಮುಟ್ಟಿ ಭಂಗಿ ಸರಿ ಮಾಡುದು ಇಲ್ಲವೇ ಇಲ್ಲ, ಕೈ ಹೀಗಿಡಿ ಅಂತ ಫೋಟೋಗ್ರಾಫರ್ ತಾವೇ ನಿಂತು ತೋರಿಸ್ತಿದ್ರು, ಬಟ್ಟೆಯ ಅಂಚೋ ಕೂದಲೋ ಸರಿ ಮಾಡ್ಲಿಕ್ಕಿದ್ರೆ ಮಾಡೆಲ್ ಹತ್ರವೇ ಹೇಳ್ತಿದ್ರು.

ಹೊರಗಿನವರಿಗೆ ಗೊತ್ತಿಲ್ಲದ ಸಣ್ಣ ಸಣ್ಣ ಕಷ್ಟಗಳು ಬೇಕಾದಷ್ಟುಂಟು. ಒಳಉಡುಪಿನ ಎಲಾಸ್ಟಿಕ್, ಕಾಲುಚೀಲ, ವಾಚಿನ ಬೆಲ್ಟು ಚರ್ಮದ ಮೇಲೆ ಕೆಂಪು ಗುರುತು ಬಿಡ್ತದೆ, ಅದು ಹೋಗ್ಲಿಕ್ಕೆ ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆ ಬೇಕು, ಅದಕ್ಕೇ ಸಡಿಲ ನೈಟಿಯೋ ಲುಂಗಿಯೋ ಹಾಕಿ ಬನ್ನಿ ಅಂತ ಮೊದಲೇ ಹೇಳಿರ್ತಾರೆ. ಎಸಿ ಹಾಕಿದ್ರೆ ಮೈ ಜುಮ್ಮೆಂದು ರೋಮ ಎದ್ದು ನಿಲ್ತದೆ, ಅದು ಫೋಟೋದಲ್ಲಿ ಸ್ಪಷ್ಟ ಕಾಣ್ತದೆ. ಹಾಕದಿದ್ರೆ ಬೆವರು. ಬೆಂಗಳೂರಲ್ಲಿ ಇದು ಅಷ್ಟು ದೊಡ್ಡ ವಿಷಯ ಅಲ್ಲ, ನಮ್ಮ ಕರಾವಳಿಯ ಸೆಕೆಗೆ ಹತ್ತು ನಿಮಿಷದಲ್ಲಿ ಹಣೆ ಬೆನ್ನು ಎಲ್ಲ ಹೊಳೀಲಿಕ್ಕೆ ಶುರು ಆಗ್ತದೆ. ಎಸಿ ರೂಮಿಂದ ಹೊರಗೆ ತಂದ ಲೆನ್ಸಿಗೆ ಮಂಜು ಹಿಡಿಯುದು, ಮಳೆಗಾಲದಲ್ಲಿ ಫಂಗಸ್ ಬರುದು ನಮ್ಮೂರಿನ ಎಲ್ಲ ಫೋಟೋಗ್ರಾಫರ್‌ಗಳ ಗೋಳು, ಇಲ್ಲಿಯೂ ಅದೇ.

ಬೆಳಕು ಯಾಕೆ ಇಷ್ಟು ಮುಖ್ಯ

ಮದುವೆ ಫೋಟೋದಲ್ಲಿ ಸೀರೆ ಉಂಟು, ಚಿನ್ನ ಉಂಟು, ಮಲ್ಲಿಗೆ ಉಂಟು, ಮಂಟಪ ಉಂಟು, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ಕಣ್ಣಿಗೆ ನೋಡ್ಲಿಕ್ಕೆ ಬೇಕಾದಷ್ಟು ಸಿಗ್ತದೆ. ಇಲ್ಲಿ ಇರುದು ಚರ್ಮ ಮತ್ತೆ ಬೆಳಕು, ಎರಡೇ.

ಮಧ್ಯಾಹ್ನ ಹನ್ನೆರಡಕ್ಕೆ ಗದ್ದೆ ನೋಡಿ, ಚಪ್ಪಟೆ ಹಸಿರು ಹಾಳೆಯ ಹಾಗೆ ಕಾಣ್ತದೆ. ಅದೇ ಗದ್ದೆಯನ್ನು ಸಂಜೆ ಆರು ಗಂಟೆಗೆ ನೋಡಿ, ಅಡ್ಡ ಬಿಸಿಲಿಗೆ ಒಂದೊಂದು ಬದು, ಒಂದೊಂದು ಸಾಲು ಎದ್ದು ಕಾಣ್ತದೆ. ಮೈಗೂ ಅಷ್ಟೇ. ಎದುರಿಂದ ಫ್ಲ್ಯಾಶ್ ಹೊಡೆದ್ರೆ ಆಸ್ಪತ್ರೆಯ ರೆಕಾರ್ಡ್ ಫೋಟೋ ಆಗ್ತದೆ, ಪಕ್ಕದಿಂದಲೋ ಹಿಂದಿನಿಂದಲೋ ಬೆಳಕು ಕೊಟ್ರೆ ಮೂಳೆ, ಸ್ನಾಯು, ಬೆನ್ನಹುರಿಯ ತಗ್ಗು ಎಲ್ಲ ನೆರಳಲ್ಲಿ ಬರೆದ ಹಾಗೆ ಬರ್ತದೆ. ಏನು ತೋರಿಸ್ಬೇಕು ಅನ್ನುವಷ್ಟೇ ಏನನ್ನು ಕತ್ತಲಲ್ಲಿ ಬಿಡ್ಬೇಕು ಅನ್ನುದೂ ಕೆಲಸ. ಎಷ್ಟೋ ಸಲ ನಾನು ಹಿಡೀತಿದ್ದದ್ದು ಲೈಟೇ ಅಲ್ಲ, ಬೆಳಕು ಹೋಗದ ಹಾಗೆ ತಡೆಯುವ ಕಪ್ಪು ಬೋರ್ಡು.

ಮತ್ತೆ ನಮ್ಮ ಚರ್ಮದ ಬಣ್ಣ. ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್ ಎದುರು ಇರುದೆಲ್ಲ ಸರಾಸರಿ ಬೂದು ಬಣ್ಣ ಅಂತಲೇ ಲೆಕ್ಕ ಹಾಕುದು. ಕಪ್ಪು ಮೈಬಣ್ಣ ಫ್ರೇಮ್ ತುಂಬ ಬಂದ್ರೆ ಇದು ಕತ್ತಲು ಅಂತ ತಿಳಿದು ಬೆಳಕು ಜಾಸ್ತಿ ಮಾಡಿ ಬಿಳಿಚಿಸ್ತದೆ, ಕುಚ್ಚಲಕ್ಕಿ ಅನ್ನವನ್ನು ಬೆಳ್ತಿಗೆ ಮಾಡ್ಲಿಕ್ಕೆ ಹೊರಟ ಹಾಗೆ. ಇದು ಇವತ್ತಿನ ಕಥೆ ಮಾತ್ರ ಅಲ್ಲ, ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪೆನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸ್ಲಿಕ್ಕೆ ಕಳಿಸ್ತಿದ್ದ ಶರ್ಲಿ ಕಾರ್ಡ್‌ಗಳಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿ ಹೆಂಗಸಿನ ಫೋಟೋ, ಅಂದ್ರೆ ಅಳತೆಗೋಲೇ ಬಿಳಿ ಚರ್ಮ. ಹಾಗಾಗಿ ಇಲ್ಲಿ ಮೀಟರ್ ಹೇಳಿದ್ದಕ್ಕಿಂತ ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಕಡಿಮೆ ಮಾಡಿ, ಚರ್ಮದ ಮೇಲೆ ಬೀಳುವ ಬೆಳಕಿನ ಹೊಳಪನ್ನು ಹಿಡಿದು ಕೆಲಸ ಮಾಡ್ಬೇಕು. ಆಮೇಲೆ ಎಡಿಟಿಂಗಲ್ಲಿ ಬೆಳ್ಳಗೆ ಮಾಡುದು, ಸ್ಟ್ರೆಚ್ ಮಾರ್ಕ್ ಅಳಿಸುದು, ಸೊಂಟ ಸಣ್ಣ ಮಾಡುದು, ಇದೆಲ್ಲ ಮದುವೆ ಆಲ್ಬಮ್ಮಿನ ಅಭ್ಯಾಸ, ನಾನೂ ಮಾಡ್ತೇನೆ. ಇದರಲ್ಲಿ ಅದನ್ನು ಮಾಡಿದ್ರೆ ಆ ಮನುಷ್ಯರೇ ಫೋಟೋದಿಂದ ಹೊರಟು ಹೋಗ್ತಾರೆ.

ದೊಡ್ಡವರು ಇದನ್ನು ಹೇಗೆ ಮಾಡಿದ್ರು ಅಂತ ಎರಡು ಉದಾಹರಣೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1936ರಲ್ಲಿ ಚಾರಿಸ್ ವಿಲ್ಸನ್ ಅವರ ಒಂದು ಫೋಟೋ ತೆಗೆದ್ರು, ಮೊಣಕಾಲು ಮಡಚಿ, ಎರಡೂ ಕೈಯಿಂದ ಸುತ್ತಿ ಹಿಡಿದು, ತಲೆ ತಗ್ಗಿಸಿ ಬಾಗಿಲ ಬೆಳಕಲ್ಲಿ ಕೂತದ್ದು. ಬಟ್ಟೆ ಇಲ್ಲ, ಆದ್ರೆ ಕೈ ಕಾಲಿನ ವೃತ್ತವೇ ಇಡೀ ಮೈಯನ್ನು ಮುಚ್ಚಿದೆ. ಬಲಗೈಯ ಮೇಲಿನ ನೆರಳು ವೆಸ್ಟನ್‌ಗೆ ಕೊನೆವರೆಗೂ ಸಮಾಧಾನ ಕೊಡ್ಲಿಲ್ಲ, ಚಾರಿಸ್‌ಗೆ ತನ್ನ ವಕ್ರ ಬೈತಲೆ ಮತ್ತೆ ಹೇರ್‌ಪಿನ್ ಕಾಣ್ತದೆ ಅಂತ ಬೇಸರ. ಅಷ್ಟು ಮಾತ್ರ ಅಲ್ಲ, ಆ ಕಾಲದಲ್ಲಿ ಅಲ್ಲಿ ಅಶ್ಲೀಲ ಅಂತ ಕಂಡದ್ದನ್ನು ಅಂಚೆಯಲ್ಲಿ ಕಳಿಸಿದ್ರೆ ಅಪರಾಧ ಆಗ್ತಿತ್ತು, ಹಾಗಾಗಿ ಎಲ್ಲಿಯಾದ್ರೂ ಗುಪ್ತಾಂಗದ ರೋಮ ಕಾಣ್ತದಾ ಅಂತ ವೆಸ್ಟನ್ ಭೂತಗನ್ನಡಿ ಇಟ್ಟು ಪ್ರಿಂಟ್ ನೋಡಿದ್ದನ್ನು ಚಾರಿಸ್ ಆಮೇಲೆ ನೆನಪು ಮಾಡಿಕೊಂಡಿದ್ದಾರೆ. ಇಂಥ ಒಂದು ಫೋಟೋಕ್ಕೂ ಆ ಭಯ ಇತ್ತು ನೋಡಿ.

ಬ್ರಿಟನ್ನಿನ ಬಿಲ್ ಬ್ರಾಂಟ್ ಹಿಡಿದ ದಾರಿಯೇ ಬೇರೆ. ಪೊಲೀಸರು ಅಪರಾಧ ನಡೆದ ಜಾಗದ ಫೋಟೋ ತೆಗೀಲಿಕ್ಕೆ ಬಳಸ್ತಿದ್ದ ಜಾತಿಯ ಒಂದು ಹಳೆ ಮರದ ಕೊಡಾಕ್ ಕ್ಯಾಮೆರಾ ಅವರಿಗೆ ಸಿಕ್ಕಿತು, ಅದರ ಲೆನ್ಸು ತುಂಬ ವೈಡ್. ವೈಡ್ ಲೆನ್ಸಿಗೆ ಹತ್ತಿರ ಇದ್ದದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣ್ತದೆ, ನಮ್ಮ ಮೊಬೈಲ್ ಸೆಲ್ಫಿಯಲ್ಲಿ ಮೂಗು ದಪ್ಪ ಬರುದು ಅದಕ್ಕೇ. ಎಲ್ಲರೂ ದೋಷ ಅಂತ ಹೇಳುವ ಇದನ್ನೇ ಹಿಡಿದು ಬ್ರಾಂಟ್ ಸಮುದ್ರದ ಬದಿಯಲ್ಲಿ ಕಿವಿ, ಮೊಣಕೈ, ಬೆರಳುಗಳನ್ನು ಬಂಡೆಯ ಹಾಗೆ, ಕಡಲು ತೊಳೆದ ಕಲ್ಲಿನ ಹಾಗೆ ಮಾಡಿಬಿಟ್ರು. ಆ ಫೋಟೋಗಳು 1961ರಲ್ಲಿ ಪುಸ್ತಕವಾಗಿ ಬಂದವು. ಯಾರ ಮೈ ಅಂತ ಕೇಳ್ಬೇಕು ಅಂತಲೇ ಅನಿಸುದಿಲ್ಲ, ಮೊದಲು ಇದು ಎಂತದು ಅಂತ ಕೇಳ್ಬೇಕಾಗ್ತದೆ.

ಹಾಗಾದ್ರೆ ನಮ್ಮ ಬೀಚಲ್ಲಿ?

ಸಸಿಹಿತ್ಲು, ಪಡುಕೆರೆ, ಕಾಪು ಬಂಡೆ, ಸೈಂಟ್ ಮೇರೀಸ್ ದ್ವೀಪದ ಆ ಕಂಬದ ಹಾಗೆ ನಿಂತ ಲಾವಾ ಕಲ್ಲು, ಬೆಳಕಿನ ಲೆಕ್ಕದಲ್ಲಿ ಸ್ವರ್ಗವೇ. ಆದ್ರೆ ಅದೆಲ್ಲ ಸಾರ್ವಜನಿಕ ಜಾಗ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವ ಹಾಗೆ ಅಶ್ಲೀಲ ಕೃತ್ಯ ಅಂದ್ರೆ ನ್ಯಾಯ ಸಂಹಿತೆಯ 296, ಬೆಳಿಗ್ಗೆ ಐದಕ್ಕೆ ಹೋದ್ರೂ ಕೈರಂಪಣಿ ಬಲೆ ಎಳೆಯುವವರು ನಿಮಗಿಂತ ಮೊದಲೇ ಅಲ್ಲಿ ಇರ್ತಾರೆ, ಅವರ ಕೆಲಸದ ಜಾಗ ಅದು. 2020ರಲ್ಲಿ ಮಾಡೆಲ್, ನಟ ಮಿಲಿಂದ್ ಸೋಮನ್ ಗೋವಾದ ಬೀಚಲ್ಲಿ ಬತ್ತಲೆ ಓಡಿದ ಫೋಟೋ ಹಾಕಿ ಕೇಸು ಹಾಕಿಸಿಕೊಂಡದ್ದು ನೆನಪಿರಬಹುದು.

ಖಾಸಗಿ ಜಾಗ ಅಂದ್ರೂ ಇಲ್ಲಿ ಸುಲಭ ಇಲ್ಲ. ಬಾಡಿಗೆ ಸ್ಟುಡಿಯೋದವರು ಹೆದರ್ತಾರೆ, ಎದುರು ಫ್ಲ್ಯಾಟ್‌ನ ಕಿಟಕಿ ಉಂಟು, ಹೋಮ್‌ಸ್ಟೇಗಳಲ್ಲಿ ಸಿಸಿಟಿವಿ ಎಲ್ಲಿ ಉಂಟು ಅಂತ ಗೊತ್ತಿರುದಿಲ್ಲ. 2009ರ ಪಬ್ ದಾಳಿ, 2012ರಲ್ಲಿ ಪಡೀಲಿನ ಹೋಮ್‌ಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದ ಹುಡುಗ ಹುಡುಗಿಯರನ್ನು ಹೊಡೆದದ್ದು ನೋಡಿದ ಊರು ಇದು. ಅಲ್ಲಿ ಯಾರೂ ಬತ್ತಲೆ ಇರಲಿಲ್ಲ, ಆದ್ರೂ ಆಯ್ತು. ಅದಕ್ಕೇ ಇಲ್ಲಿಯ ಕಲಾವಿದರು ಇಂಥ ಕೆಲಸಕ್ಕೆ ಬೆಂಗಳೂರಿಗೋ ಮುಂಬೈಗೋ ಹೋಗುದು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಮೈ ನೋಡಿ ಚಿತ್ರ ಬಿಡಿಸುವ ಕ್ಲಾಸು ಎಷ್ಟೋ ತಲೆಮಾರಿನಿಂದ ಉಂಟು, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದೂ ಅದೇ ಶಾಲೆಯಲ್ಲಿ.

ಕಾನೂನು ಎಂತ ಹೇಳ್ತದೆ

ಭಾರತದಲ್ಲಿ ಬತ್ತಲೆ ಫೋಟೋ ತೆಗೆಯುದೇ ಅಪರಾಧ ಅಂತ ಎಲ್ಲಿಯೂ ಬರೆದಿಲ್ಲ. ಅಪರಾಧ ಇರುದು ಅಶ್ಲೀಲವಾದದ್ದನ್ನು ಮಾರುದು, ಹಂಚುದು, ಪ್ರದರ್ಶನ ಮಾಡುದರಲ್ಲಿ. ಮೊದಲು ಐಪಿಸಿ 292 ಅಂತ ಇದ್ದದ್ದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 294 ಆಗಿದೆ. ನೋಡುವವರ ಕಾಮವನ್ನು ಕೆರಳಿಸುವ, ಮನಸ್ಸು ಕೆಡಿಸುವ ತರದ್ದು ಅಶ್ಲೀಲ, ಆದ್ರೆ ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಾಗಿ ಸಾರ್ವಜನಿಕ ಒಳಿತಿಗೆ ಆದದ್ದಕ್ಕೆ ವಿನಾಯಿತಿ ಉಂಟು, ದೇವಸ್ಥಾನದ ಶಿಲ್ಪ, ಪ್ರಾಚೀನ ಸ್ಮಾರಕಕ್ಕೂ ಉಂಟು. ನೆಟ್‌ನಲ್ಲಿ ಹಾಕಿದ್ರೆ ಐಟಿ ಕಾಯ್ದೆಯ 67, ಮೊದಲ ಸಲ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಲೈಂಗಿಕ ಕ್ರಿಯೆ ಇರುವಂಥದ್ದಾದ್ರೆ 67ಎ, 5 ವರ್ಷ, 10 ಲಕ್ಷ. ಅಲ್ಲಿಯೂ ಕಲೆಯ ವಿನಾಯಿತಿ ಉಂಟು. ಹೆಂಗಸರ ಅಸಭ್ಯ ಚಿತ್ರಣ ತಡೆಯುವ 1986ರ ಕಾಯ್ದೆಯೂ ಒಂದುಂಟು. ಮಕ್ಕಳಿಗೆ ಅಶ್ಲೀಲವಾದದ್ದನ್ನು ತೋರಿಸಿದ್ರೆ, ಮಾರಿದ್ರೆ ಬೇರೆಯೇ ಕಲಂ, 295. ಗ್ಯಾಲರಿಗಳು ಬಾಗಿಲಲ್ಲೇ ವಯಸ್ಸಿನ ಬೋರ್ಡು ಹಾಕುದು ಸುಮ್ಮನೆ ಅಲ್ಲ.

ಕಷ್ಟ ಇರುದು ಕಲೆಯಾ ಅಶ್ಲೀಲವಾ ಅಂತ ತೀರ್ಮಾನ ಮಾಡುವವರು ಯಾರು ಅನ್ನುದರಲ್ಲಿ. ಬಹಳ ವರ್ಷ ನಮ್ಮ ಕೋರ್ಟುಗಳು 1868ರ ಇಂಗ್ಲೆಂಡಿನ ಹಿಕ್ಲಿನ್ ಕೇಸಿನ ಅಳತೆ ಹಿಡಿದಿದ್ವು, ಅಂದ್ರೆ ಬೇಗ ಕೆಡುವ ಮನಸ್ಸಿನವರು ನೋಡಿದ್ರೆ ಎಂತ ಆಗ್ತದೆ ಅಂತ ನೋಡುದು. 2014ರಲ್ಲಿ ಅವೀಕ್ ಸರ್ಕಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಟ್ಟಿತು. ಆ ಕೇಸು ಆದದ್ದು ಒಂದು ಫೋಟೋಕ್ಕೆ, ಟೆನ್ನಿಸ್ ಆಟಗಾರ ಬೋರಿಸ್ ಬೆಕರ್ ಕಪ್ಪು ಮೈಬಣ್ಣದ ತನ್ನ ಹುಡುಗಿ ಬಾರ್ಬರಾ ಜೊತೆ ಬಟ್ಟೆ ಇಲ್ಲದೆ ನಿಂತ ಫೋಟೋ, ಅದನ್ನು ತೆಗೆದದ್ದು ಬಾರ್ಬರಾ ಅವರ ಅಪ್ಪನೇ. ವರ್ಣಭೇದದ ವಿರುದ್ಧದ ಮಾತಾಗಿ ಜರ್ಮನಿಯ ಪತ್ರಿಕೆಯಲ್ಲಿ ಬಂದದ್ದನ್ನು 1993ರಲ್ಲಿ ಇಲ್ಲಿಯ ಪತ್ರಿಕೆಗಳು ಹಾಕಿ ಕೇಸು ಆಗಿತ್ತು. ಈ ಕಾಲದ ಸಮಾಜದ ಸಾಮಾನ್ಯ ಮಟ್ಟ ನೋಡ್ಬೇಕು, ಚಿತ್ರವನ್ನು ಅದರ ಸಂದರ್ಭದ ಜೊತೆ ಇಟ್ಟು ನೋಡ್ಬೇಕು, ಬತ್ತಲೆ ಅಂದ ಕೂಡ್ಲೇ ಅಶ್ಲೀಲ ಆಗುದಿಲ್ಲ ಅಂತ ಕೋರ್ಟ್ ಹೇಳಿತು. 2024ರ ಅಕ್ಟೋಬರಲ್ಲಿ ಬಾಂಬೆ ಹೈಕೋರ್ಟ್ ಕೂಡ ಚಿತ್ರಕಾರರಾದ ಎಫ್.ಎನ್. ಸೂಜಾ, ಅಕ್ಬರ್ ಪದಮ್‌ಸೀ ಅವರ ಏಳು ಕೃತಿಗಳನ್ನು ಅಶ್ಲೀಲ ಅಂತ ಹಿಡಿದಿಟ್ಟ ಕಸ್ಟಮ್ಸ್‌ಗೆ ವಾಪಸ್ ಕೊಡಿ ಅಂತ ಹೇಳಿತು.

ಕೇಳ್ಲಿಕ್ಕೆ ಸಮಾಧಾನ ಆಗ್ತದೆ. ಆದ್ರೆ ಬೆಕರ್ ಫೋಟೋ 1993ರದ್ದು, ತೀರ್ಪು 2014ರದ್ದು. ಮಿಲಿಂದ್ ಸೋಮನ್, ಮಧು ಸಪ್ರೆ ಹೆಬ್ಬಾವು ಸುತ್ತಿಕೊಂಡು ನಿಂತ ಶೂ ಜಾಹೀರಾತು 1995ರದ್ದು, ಬಿಡುಗಡೆ ಆದದ್ದು 2009ರಲ್ಲಿ. ಕೊನೆಗೆ ಗೆದ್ರು ಅಂತ ಸುದ್ದಿಯಲ್ಲಿ ಒಂದು ಸಾಲು ಬರ್ತದೆ, ಅಷ್ಟು ವರ್ಷ ಕೋರ್ಟಿಗೆ ಅಲೆಯುವ ಶಕ್ತಿ ಮಂಗಳೂರಿನ ಒಬ್ಬ ಸಣ್ಣ ಫೋಟೋಗ್ರಾಫರ್‌ಗೋ, ಅದರಲ್ಲಿರುವ ಹುಡುಗಿಗೋ ಎಲ್ಲಿಂದ ಬರ್ಬೇಕು.

ಇನ್‌ಸ್ಟಾಗ್ರಾಮ್ ಯಾಕೆ ತೆಗೆದು ಹಾಕ್ತದೆ

ಕೋರ್ಟಿನ ಹಾಗೆ ಸಂದರ್ಭ ನೋಡುವ ವ್ಯವಧಾನ ಮೆಷಿನಿಗೆ ಇಲ್ಲ. ತಲಪಾಡಿ ಚೆಕ್‌ಪೋಸ್ಟಲ್ಲಿ ಗಾಡಿಯ ಕಾಗದ ನೋಡ್ತಾರೆ, ನೀವು ಯಾವ ನೆಂಟರ ಮನೆಗೆ ಯಾಕೆ ಹೋಗುದು ಅಂತ ನೋಡುದಿಲ್ಲ, ಹಾಗೆ. ಚರ್ಮ ಎಷ್ಟು ಕಾಣ್ತದೆ, ಯಾವ ಅಂಗ ಕಾಣ್ತದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕ್ತದೆ. ಇನ್‌ಸ್ಟಾ, ಫೇಸ್‌ಬುಕ್ ಎರಡನ್ನೂ ನಡೆಸುವ ಮೆಟಾ ಕಂಪೆನಿಯ ನಿಯಮದಲ್ಲಿ ಚಿತ್ರಕಲೆ, ಶಿಲ್ಪದ ಬತ್ತಲೆಗೆ ಅವಕಾಶ ಉಂಟು, ನಿಜವಾದ ಮನುಷ್ಯರ ಫೋಟೋಕ್ಕೆ ಇಲ್ಲ, ಮೊಲೆಹಾಲು ಕೊಡುವ ಫೋಟೋ, ಕ್ಯಾನ್ಸರ್ ಆಪರೇಷನ್ನಿನ ಗಾಯದ ಫೋಟೋ ಇಂಥ ಕೆಲವಕ್ಕೆ ಮಾತ್ರ ರಿಯಾಯಿತಿ. ಅದೂ ತಪ್ಪುತ್ತದೆ. ಸುಮಾರು 30,000 ವರ್ಷ ಹಳೆಯ ವಿಲೆಂಡಾರ್ಫ್ ವೀನಸ್ ಅನ್ನುವ ಅಂಗೈ ಉದ್ದದ ಕಲ್ಲಿನ ಗೊಂಬೆಯ ಫೋಟೋವನ್ನೇ ಫೇಸ್‌ಬುಕ್ ತೆಗೆದು ಹಾಕಿ 2018ರಲ್ಲಿ ಸುದ್ದಿ ಆಗಿತ್ತು. 2021ರಲ್ಲಿ ವಿಯೆನ್ನಾ ಪ್ರವಾಸೋದ್ಯಮದವರು ತಮ್ಮ ಮ್ಯೂಸಿಯಮ್ಮುಗಳ ಚಿತ್ರ ತೋರಿಸ್ಲಿಕ್ಕೆ ವಯಸ್ಕರಿಗೆ ಮಾತ್ರ ಇರುವ ಸೈಟಾದ ಓನ್ಲಿಫ್ಯಾನ್ಸ್‌ಗೆ ಹೋದ್ರು.

ಇದರಿಂದ ಸಣ್ಣ ಊರಿನ ಕಲಾವಿದರಿಗೆ ಆಗುವ ನಷ್ಟ ದೊಡ್ಡದು, ಯಾಕಂದ್ರೆ ಇಲ್ಲಿ ಇಂಥದ್ದನ್ನು ಗೋಡೆಗೆ ಹಾಕುವ ಗ್ಯಾಲರಿ ಸಿಗುದು ಕಷ್ಟ, ಇರುವ ಒಂದೇ ಕಿಟಕಿ ನೆಟ್. ಆದ್ರೆ ಈ ನಿಯಮವನ್ನು ಬರೀ ಬೈಯ್ಲಿಕ್ಕೂ ಆಗುದಿಲ್ಲ, ಒಪ್ಪಿಗೆ ಇಲ್ಲದೆ ಹಾಕಿದ ಫೋಟೋಗಳನ್ನು ತಡೆಯುದೂ ಇದೇ ಜಾಲರಿ. ಒಪ್ಪಿ ನಿಂತದ್ದಾ, ಕದ್ದು ತೆಗೆದದ್ದಾ ಅಂತ ಚರ್ಮ ನೋಡಿ ಹೇಳ್ಲಿಕ್ಕೆ ಯಾವ ಮೆಷಿನಿಗೂ ಬರುದಿಲ್ಲ.

ಶೂಟ್ ಮುಗಿದ ಮೇಲೆ ಫೈಲ್ ಎಲ್ಲಿ ಹೋಗ್ತದೆ

ನಾನು ಕಲಿತ ಕಡೆ ಕ್ಯಾಮೆರಾದ ಕಾರ್ಡನ್ನು ಲಾಕ್ ಇರುವ ಹಾರ್ಡ್ ಡಿಸ್ಕಿಗೆ ಇಳಿಸಿ, ಕಾರ್ಡ್ ಫಾರ್ಮ್ಯಾಟ್ ಮಾಡಿಯೇ ಮಾಡೆಲ್ ಹೊರಗೆ ಹೋಗುದು. ಬೇಡದ ಫ್ರೇಮ್‌ಗಳನ್ನು ಅವರ ಎದುರೇ ಡಿಲೀಟ್ ಮಾಡುದು. ಕಂಪ್ಯೂಟರಿಗೆ ನೆಟ್ ಇಲ್ಲ, ತನ್ನಷ್ಟಕ್ಕೆ ಕ್ಲೌಡಿಗೆ ಹೋಗುವ ಬ್ಯಾಕಪ್ ಇಲ್ಲ. ವಾಟ್ಸಾಪಲ್ಲಿ ಕಳಿಸುದು ಇಲ್ಲವೇ ಇಲ್ಲ. ಫೋಟೋದ ಫೈಲಿನ ಒಳಗೆ ದಿನ, ಸಮಯ, ಮೊಬೈಲಾದ್ರೆ ಜಾಗದ ಲೊಕೇಶನ್ ಕೂಡ ಬರೆದಿರ್ತದೆ, ಅದನ್ನು ತೆಗೆದೇ ಹೊರಗೆ ಕೊಡ್ಬೇಕು. ಲ್ಯಾಪ್‌ಟಾಪ್ ಹಾಳಾದ್ರೆ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ರಿಪೇರಿಗೆ ಕೊಡ್ಬೇಕು. ಪ್ರಿಂಟಿಂಗ್ ಲ್ಯಾಬಲ್ಲಿ ನಾಲ್ಕು ಹುಡುಗರು ಸ್ಕ್ರೀನ್ ಸುತ್ತ ನಿಲ್ತಾರೆ ಅಂತ ನಮ್ಮ ಹಿರಿಯರು ಸಾಲ ಮಾಡಿ ಸ್ವಂತ ಪ್ರಿಂಟರೇ ತಂದಿದ್ರು. ಫೋಟೋಗ್ರಾಫರ್ ಒಳ್ಳೆಯವರಾ ಅಂತ ಅವರ ಫೋಟೋ ನೋಡಿ ಹೇಳ್ಲಿಕ್ಕಾಗುದಿಲ್ಲ, ಹಾರ್ಡ್ ಡಿಸ್ಕ್ ಎಲ್ಲಿಡ್ತಾರೆ ಅಂತ ಕೇಳಿದ್ರೆ ಗೊತ್ತಾಗ್ತದೆ.

ನಮ್ಮ ಹುಡುಗಿ ಆ ಮೆಸೇಜಿನವರಿಗೆ ಇಷ್ಟೇ ಕೇಳಿದ್ಲು: ಹಿಂದಿನ ಕೆಲಸದ ಪ್ರಿಂಟ್ ಎಲ್ಲಿ ನೋಡ್ಬಹುದು, ಹಿಂದೆ ಮಾಡೆಲ್ ಆದವರಲ್ಲಿ ಮಾತಾಡ್ಲಿಕ್ಕೆ ಒಪ್ಪುವವರು ಯಾರಾದ್ರೂ ಇದ್ದಾರಾ, ರಿಲೀಸ್ ಕಾಗದ ಮೊದಲೇ ಕಳಿಸ್ತೀರಾ, ಅಕ್ಕನನ್ನು ಜೊತೆಗೆ ಕರ್ಕೊಂಡು ಬರ್ಬಹುದಾ. ಮೊದಲ ಮೂರಕ್ಕೆ ಉತ್ತರ ಬರ್ಲಿಲ್ಲ. ನಾಲ್ಕನೆಯದಕ್ಕೆ ಬಂತು, ಬೇರೆಯವರು ಇದ್ರೆ ನಿಮಗೆ ಕಂಫರ್ಟೆಬಲ್ ಇರುದಿಲ್ಲ ಅಂತ. ಅವಳು ಬ್ಲಾಕ್ ಮಾಡಿದ್ಲು.

ಫೋಟೋ ಹೊರಗೆ ಹೋದ್ರೆ

ನಿಜವಾದ ಫೋಟೋ ಆಗ್ಲಿ, ಮುಖ ಅಂಟಿಸಿ ಎಐಯಲ್ಲಿ ಮಾಡಿದ್ದಾಗ್ಲಿ, ದಾರಿ ಒಂದೇ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬಹುದು, ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲಲ್ಲಿ ದೂರು ಕೊಡ್ಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಹತ್ತಿರದ ಸೆನ್ ಪೊಲೀಸ್ ಠಾಣೆಗೆ ಹೋಗ್ಬಹುದು. ಒಬ್ಬರ ಖಾಸಗಿ ಅಂಗ ಕಾಣುವ, ಪೂರ್ತಿಯೋ ಅರ್ಧವೋ ಬತ್ತಲೆ ತೋರಿಸುವ ಫೋಟೋ ಬಗ್ಗೆ ಅವರೇ ಅಥವಾ ಅವರ ಪರವಾಗಿ ಯಾರಾದ್ರೂ ದೂರು ಕೊಟ್ರೆ ಸೋಶಿಯಲ್ ಮೀಡಿಯಾ ಕಂಪೆನಿಗಳು ಬೇಗ ತೆಗೀಲೇಬೇಕು, 2021ರ ಐಟಿ ನಿಯಮ ಬಂದಾಗ ಅದಕ್ಕೆ 24 ಗಂಟೆಯ ಗಡುವು ಹಾಕಿದ್ರು. ತಾವೇ ಒಪ್ಪಿ ತೆಗೆಸಿಕೊಂಡ ಫೋಟೋ ಅಂತ ಹೆದರಿ ಸುಮ್ಮನಿರುವವರು ಬಹಳ, ತೆಗೆಯಲಿಕ್ಕೆ ಒಪ್ಪಿದ್ದು ಬೇರೆ ಹಂಚಲಿಕ್ಕೆ ಒಪ್ಪಿದ್ದು ಬೇರೆ ಅಂತ ಮೇಲೆಯೇ ನೋಡಿದೆವಲ್ಲ.

ಇನ್ನೊಂದು ಸ್ಟಾಪ್‌ಎನ್‌ಸಿಐಐ ಅನ್ನುವ ಉಚಿತ ಸೇವೆ, 2021ರ ಡಿಸೆಂಬರಲ್ಲಿ ಶುರು ಆದದ್ದು, 18 ದಾಟಿದವರಿಗೆ. ಅದಕ್ಕೆ ಫೋಟೋ ಕಳಿಸ್ಲಿಕ್ಕೇ ಇಲ್ಲ, ನಿಮ್ಮ ಮೊಬೈಲಲ್ಲೇ ಆ ಫೋಟೋದಿಂದ ಒಂದು ಉದ್ದದ ಸಂಕೇತ ಸಂಖ್ಯೆ ತಯಾರಾಗ್ತದೆ, ಬೆರಳಚ್ಚಿನ ಹಾಗೆ, ಆ ಬೆರಳಚ್ಚು ಮಾತ್ರ ಕಂಪೆನಿಗಳಿಗೆ ಹೋಗಿ ಅದಕ್ಕೆ ಹೊಂದುವ ಫೋಟೋ ಸಿಕ್ಕಿದ್ರೆ ತಡೀತಾರೆ. ದೂರು ಕೊಡುವ ಮೊದಲು ಹೆದರಿ ಚ್ಯಾಟ್ ಡಿಲೀಟ್ ಮಾಡ್ಬೇಡಿ. ಅಕೌಂಟಿನ ಲಿಂಕು, ಹೆಸರು, ದಿನ ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಠಾಣೆಯಲ್ಲಿ ಮೊದಲು ಕೇಳುದು ಅದನ್ನೇ.